ಜನಾಭಿಪ್ರಾಯ ಸಮೀಕ್ಷೆ: ಸಣ್ಣ ಮಾದರಿ, ದೊಡ್ಡ ಸಮುದಾಯ

ಕೆಲವರನ್ನಷ್ಟೇ ಪ್ರಶ್ನಿಸಿ ಇಡೀ ಸಮುದಾಯದ ನಿಲುವನ್ನು ಅಂದಾಜು ಮಾಡುವ ವಿಧಾನ. ಸಾವಿರ ಮಂದಿಯ ಮಾತು ಕೋಟಿ ಜನರ ಮಾತಾದೀತೇ ಎಂಬ ಸಂಶಯ ಇದರ ಹುಟ್ಟಿನಿಂದಲೂ ಇದೆ. ನಾರ್ವೆಯ ಆಂಡರ್ಸ್ ಕಿಯೇರ್ 1895ರಲ್ಲಿ ಬರ್ನ್ ನಗರದ ಸಂಖ್ಯಾಶಾಸ್ತ್ರಜ್ಞರ ಸಭೆಯಲ್ಲಿ ಮಾದರಿ ಸಮೀಕ್ಷೆಯ ಪರ ವಾದಿಸಿದಾಗ, ಪೂರ್ಣ ಗಣತಿಯನ್ನೇ ನಂಬಿದ್ದವರು ವಿರೋಧಿಸಿದರು.

ದೊಡ್ಡ ಸಂಖ್ಯೆಯ ಮೇಲಿನ ಈ ನಂಬಿಕೆಗೆ 1936ರಲ್ಲಿ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಪೆಟ್ಟು ಬಿತ್ತು. ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಅಂಚೆಯಲ್ಲಿ ಮಾದರಿ ಮತಪತ್ರ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಅವನ್ನು ನಂಬಿ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆಂದು ಪತ್ರಿಕೆ ಸಾರಿತು. ಆದರೆ 48 ರಾಜ್ಯಗಳಲ್ಲಿ 46ನ್ನು ಎದುರಾಳಿ ರೂಸ್‌ವೆಲ್ಟ್ ಗೆದ್ದರು. ವಿಳಾಸಗಳನ್ನು ಹೆಚ್ಚಾಗಿ ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ ತೆಗೆಯಲಾಗಿತ್ತು. ಆರ್ಥಿಕ ಕುಸಿತದ ಆ ದಿನಗಳಲ್ಲಿ ಬಡವರು ಆ ಪಟ್ಟಿಗಳಲ್ಲಿ ವಿರಳ. ಉತ್ತರಿಸದೆ ಉಳಿದ ಮುಕ್ಕಾಲು ಪಾಲು ಜನರ ಒಲವೂ ಬೇರೆಯೇ ಇತ್ತು. ತೀರಾ ಚಿಕ್ಕ ಮಾದರಿಯಿಂದ ಸಮೀಕ್ಷಾ ತಜ್ಞ ಜಾರ್ಜ್ ಗ್ಯಾಲಪ್ ಗೆಲುವು ಯಾರದೆಂದು ಸರಿಯಾಗಿ ಹೇಳಿದ್ದರು. ಆದರೆ 1948ರ ಅಧ್ಯಕ್ಷೀಯ ಚುನಾವಣೆಯಲ್ಲಿ ಟ್ರೂಮನ್ ಗೆದ್ದಾಗ ಅವರ ಲೆಕ್ಕವೂ ತಪ್ಪಿತು. ವಯಸ್ಸು, ಲಿಂಗ ಮುಂತಾದವುಗಳ ಪ್ರಮಾಣವನ್ನಷ್ಟೇ ನಿಗದಿಮಾಡಿ, ಯಾರನ್ನು ಕೇಳಬೇಕೆಂಬುದನ್ನು ಸಮೀಕ್ಷಕರ ಇಷ್ಟಕ್ಕೆ ಬಿಟ್ಟದ್ದು ಒಂದು ಕಾರಣ. ಮತದಾನಕ್ಕೆ ವಾರಗಳ ಮೊದಲೇ ಪ್ರಶ್ನಿಸುವುದನ್ನು ನಿಲ್ಲಿಸಿದ್ದು ಇನ್ನೊಂದು.

ಆಯ್ಕೆಯನ್ನು ಚೀಟಿ ಎತ್ತಿದಂತೆ ಆಕಸ್ಮಿಕಕ್ಕೆ ಬಿಟ್ಟರೆ ದೋಷದ ಮಿತಿಯನ್ನು ಲೆಕ್ಕಹಾಕಬಹುದೆಂದು ಸಂಖ್ಯಾಶಾಸ್ತ್ರಜ್ಞ ಜೆರ್ಜಿ ನೇಮನ್ 1934ರಲ್ಲಿಯೇ ತೋರಿಸಿದ್ದರು. ಹಾಗೆ ಆರಿಸಿದ 1,000 ಮಂದಿಯ ಉತ್ತರದಲ್ಲಿ, 100ಕ್ಕೆ 95 ಸಲ, ದೋಷ ಸುಮಾರು ಶೇ 3ರೊಳಗೇ ಇರುತ್ತದೆ. ಸಮುದಾಯ ಒಂದು ನಗರವೋ ಇಡೀ ದೇಶವೋ ಎಂಬುದರಿಂದ ಈ ಮಿತಿ ಬಹುಪಾಲು ಬದಲಾಗದು. ಶಾಸ್ತ್ರದ ಅತ್ಯಂತ ಅಚ್ಚರಿಯ, ಅತ್ಯಂತ ಕಡಿಮೆ ಅರ್ಥವಾದ ಸಂಗತಿ ಇದು.

ಭಾರತದಲ್ಲಿ ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಲನೋಬಿಸ್ ಬಂಗಾಳದ ಸೆಣಬಿನ ಬೆಳೆಯನ್ನು ಮಾದರಿಯಿಂದ ಅಂದಾಜು ಮಾಡಿದರು. ಒಂದೇ ಪ್ರದೇಶದಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಕೆಲಸ ಮಾಡಿ, ಫಲಿತಾಂಶಗಳನ್ನು ಹೋಲಿಸಿ ತಪ್ಪು ಹಿಡಿಯುವ ಅವರ ಕ್ರಮ ಬಹಳ ದೊಡ್ಡ ಕೊಡುಗೆ. ಈ ಅನುಭವದ ಮೇಲೆಯೇ 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು.

ಸಮುದಾಯದ ವೈವಿಧ್ಯ ಸಮೀಕ್ಷೆಗೆ ಒಡ್ಡುವ ತೊಡಕು ಒಳಗುಂಪುಗಳಲ್ಲಿ ಕಾಣುತ್ತದೆ. 2011ರ ಜನಗಣತಿಯ ಪ್ರಮಾಣದಲ್ಲಿ ಕರ್ನಾಟಕದ 1,000 ಮಂದಿಯನ್ನು ಆರಿಸಿದರೆ ಕೊಡಗಿನ ಪಾಲಿಗೆ ಬರುವವರು ಸುಮಾರು 9 ಜನ. ಅಷ್ಟರಿಂದ ಜಿಲ್ಲೆಯ ಅಭಿಪ್ರಾಯ ಹೇಳಲಾಗದು. ಚುನಾವಣೆಯಲ್ಲಿ ಮತಗಳಿಂದ ಸ್ಥಾನಗಳನ್ನು ಊಹಿಸುವುದು ಇನ್ನೂ ಕಷ್ಟ. ರಾಜ್ಯದ 2018ರ ವಿಧಾನಸಭಾ ಚುನಾವಣೆಯಲ್ಲಿ ಸುಮಾರು ಶೇ 38 ಮತ ಪಡೆದ ಕಾಂಗ್ರೆಸ್‌ಗಿಂತ, ಸುಮಾರು ಶೇ 36 ಮತ ಪಡೆದ ಬಿಜೆಪಿ 104 ಸ್ಥಾನಗಳೊಡನೆ ಬಹಳ ಮುಂದಿತ್ತು. ಮತಪ್ರಮಾಣವನ್ನು ಕರಾರುವಾಕ್ಕಾಗಿ ಹಿಡಿದ ಸಮೀಕ್ಷೆಯೂ ಇಲ್ಲಿ ಸ್ಥಾನಗಳ ಲೆಕ್ಕದಲ್ಲಿ ಎಡವಬಹುದಿತ್ತು.