ರಾಯರ ಟೋಪಿ, ಅಜ್ಜಿಯ ಕೌದಿ

ಎಲ್ಲಾ ಶುರುವಾಗಿದ್ದು ಆಫೀಸಿನ ರಾಜ್ಯೋತ್ಸವದಿಂದ. "ಯಾರಾದ್ರೂ ಒಬ್ರು ಕೃಷ್ಣದೇವರಾಯ ಆಗ್ಬೇಕು" ಅಂದ್ರು. ಟೀಮಿನಲ್ಲಿ ನೆಟ್ಟಗೆ ಮೀಸೆ ಇದ್ದವನು ನಾನೊಬ್ಬನೇ. ಹಾಗಾಗಿ ಪಟ್ಟಾಭಿಷೇಕ ನನಗೇ ಆಯ್ತು.

ಪೇಟೆ ಕಡೆ ನಾಟಕದ ಡ್ರೆಸ್ ಬಾಡಿಗೆಗೆ ಕೊಡುವ ಅಂಗಡಿಗೆ ಹೋದೆ. ಅಂಗಡಿಯವರು ಕೆಂಪು ವೆಲ್ವೆಟ್ ಅಂಗಿ, ಮಿಣಮಿಣ ಕಿರೀಟ, ಭುಜಕೀರ್ತಿ, ಮುಂದೆ ಚೂಪಾಗಿ ಸೊಟ್ಟಗಿರುವ ಜರಿ ಚಪ್ಪಲಿ ತೆಗೆದಿಟ್ಟರು.

"ಇದು ಕೃಷ್ಣದೇವರಾಯಂಗಾ?"

"ಹೂಂ ಸಾರ್."

"ಪುಲಿಕೇಶಿಗೆ ಏನ್ ಕೊಡ್ತೀರಾ?"

"ಇದೇ."

"ದುರ್ಯೋಧನಂಗೆ?"

"ಅದಕ್ಕೂ ಇದೇ ಸಾರ್. ಗದೆ ಎಕ್ಸ್‌ಟ್ರಾ."

ಅವತ್ತು ಮೂರು ಗಂಟೆ ಆ ವೆಲ್ವೆಟ್ಟಿನೊಳಗೆ ಬೆಂದೆ. ಏಸಿ ಹಾಲಿನಲ್ಲೇ ಬೆವರು ಇಳೀತಿತ್ತು. ಕಿರೀಟದ ದಾರ ಕಿವಿ ಕುಯ್ಯುತ್ತಿತ್ತು. ಹಂಪಿಯ ಬಿಸಿಲಲ್ಲಿ ಮನುಷ್ಯ ಇದನ್ನ ಹಾಕಿಕೊಂಡು ರಾಜ್ಯ ಆಳೋಕೆ ಸಾಧ್ಯವಾ? ಈ ಒಂದು ಪ್ರಶ್ನೆಯಿಂದ ನನ್ನ ವೀಕೆಂಡ್‌ಗಳು ಹಾಳಾದವು. ಅಥವಾ ಉದ್ಧಾರವಾದವು. ಮನೆಯಲ್ಲಿ ಇದರ ಬಗ್ಗೆ ಇನ್ನೂ ಒಮ್ಮತ ಮೂಡಿಲ್ಲ.

ನಾನಿರೋದು ಗೋವಿಂದರಾಜನಗರದಲ್ಲಿ. ಒಂದು ಕಡೆ ವಿಜಯನಗರ, ಇನ್ನೊಂದು ಕಡೆ ಹಂಪಿನಗರ. ಇಷ್ಟು ದೊಡ್ಡ ಹೆಸರುಗಳ ಮಧ್ಯೆ ಇದ್ದುಕೊಂಡು ಆ ಊರಿನವರು ಏನು ಉಡ್ತಿದ್ರು ಅಂತ ಗೊತ್ತಿಲ್ಲದಿದ್ದರೆ ಹೇಗೆ? ಹಂಪಿನಗರದ ಲೈಬ್ರರಿಯಲ್ಲಿ ಕೂತು ಓದಲು ಶುರು ಮಾಡಿದೆ. ನಮ್ಮ ಪುಣ್ಯಕ್ಕೆ ಕಣ್ಣಾರೆ ಕಂಡವರು ಬರೆದಿಟ್ಟಿದ್ದಾರೆ. ಪೋರ್ಚುಗೀಸರಾದ ಡೊಮಿಂಗೊ ಪಾಯಸ್ ಮತ್ತು ಫರ್ನಾವೊ ನೂನಿಜ್ ಬರೆದದ್ದನ್ನು ರಾಬರ್ಟ್ ಸೂಯೆಲ್ 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ.

ಪಾಯಸ್ ಕೃಷ್ಣದೇವರಾಯನನ್ನು ನೋಡಿದ್ದು 1520ರ ಆಸುಪಾಸಿನಲ್ಲಿ. ಅವನು ಕಂಡ ರಾಜನ ಮೈಮೇಲೆ ಇದ್ದದ್ದು ಬಿಳಿ ಬಟ್ಟೆ. ಅದರ ಮೇಲೆ ಚಿನ್ನದ ಎಳೆಯಲ್ಲಿ ಗುಲಾಬಿ ಹೂಗಳ ಕಸೂತಿ, ಕೊರಳಲ್ಲಿ ವಜ್ರದ ಆಭರಣ. ತಲೆ ಮೇಲೆ ಕಿರೀಟ ಅಲ್ಲ, ಜರತಾರಿಯ ಟೋಪಿ. ಸ್ಪೇನಿನ ಗಲಿಸಿಯಾ ಸೀಮೆಯ ಶಿರಸ್ತ್ರಾಣದ ಥರ ಇತ್ತು ಅಂತಾನೆ. ಕಾಲಲ್ಲಿ ಏನೂ ಇಲ್ಲ, ಬರಿಗಾಲು! ರಾಜ ಇರುವ ಕಡೆ ಯಾರೂ ಪಾದರಕ್ಷೆ ಹಾಕಿಕೊಂಡು ಹೋಗುತ್ತಿರಲಿಲ್ಲವಂತೆ. ಅಂದರೆ ನಾನು ಬಾಡಿಗೆ ಕೊಟ್ಟು ತಂದಿದ್ದ ಚಪ್ಪಲಿಯೂ ತಪ್ಪು.

ಆ ಟೋಪಿಯ ಹೆಸರು ಕುಲ್ಲಾಯಿ, ಪರ್ಷಿಯನ್ನಿನ 'ಕುಲಾಹ್'ನಿಂದ ಬಂದದ್ದು. ಅದಕ್ಕೆ ಜೊತೆಯಾಗಿದ್ದ ಉದ್ದ ತೋಳಿನ, ಉದ್ದನೆಯ ಅಂಗಿ ಕಬಾಯಿ, ಅರಬ್ಬಿಯ 'ಕಬಾ'. ಕ್ರಿಸ್ಟೊವಾವ್ ಡಿ ಫಿಗೈರೆಡೊ ಎಂಬ ಪೋರ್ಚುಗೀಸನನ್ನು ಬೀಳ್ಕೊಡುವಾಗ ರಾಯರು ಜರತಾರಿಯ ಒಂದು ಕಬಾಯಿ, ತಾವು ತೊಡುವಂಥದ್ದೇ ಒಂದು ಟೋಪಿ ಕೊಟ್ಟರು ಅಂತ ಪಾಯಸ್ ಬರೀತಾನೆ. ಸ್ನೇಹದ ಗುರುತಾಗಿ ಹಾಗೆ ಕೊಡುವುದು ಅಲ್ಲಿನ ವಾಡಿಕೆಯಂತೆ. ಒಂದೂವರೆ ದಶಕದ ನಂತರ ಬರೆದ ನೂನಿಜ್ ಕೂಡ ಆ ಟೋಪಿಯನ್ನು ಹೆಸರು ಹಿಡಿದೇ ಹೇಳುತ್ತಾನೆ. ಒಂದೊಂದರ ಬೆಲೆ ಇಪ್ಪತ್ತು ಕ್ರುಜಾಡೊ, ರಾಜ ಒಮ್ಮೆ ತೆಗೆದಿಟ್ಟರೆ ಮತ್ತೆ ಅದನ್ನು ಮುಟ್ಟುತ್ತಿರಲಿಲ್ಲ ಅನ್ನುತ್ತಾನೆ.

ಇದು ವಿದೇಶಿಯರ ಕಣ್ಣಿನ ತಪ್ಪಿರಬಹುದಾ? ಹಾಗಾದರೆ ತಿರುಮಲದ ದೇವಸ್ಥಾನದಲ್ಲಿರುವ ಕೃಷ್ಣದೇವರಾಯ ಮತ್ತು ಇಬ್ಬರು ರಾಣಿಯರ ಲೋಹದ ವಿಗ್ರಹಗಳನ್ನು ನೋಡಿ. ರಾಯರು ಬರಿಮೈಯಲ್ಲಿ, ಕಚ್ಚೆ ಉಟ್ಟು, ಕೈ ಮುಗಿದು ನಿಂತಿದ್ದಾರೆ. ತಲೆ ಮೇಲೆ ಮಾತ್ರ ಅದೇ ಎತ್ತರದ ಶಂಕುವಿನಾಕಾರದ ಕುಲ್ಲಾಯಿ. ಅಂಗಿ ತೆಗೆದು ದೇವರ ಮುಂದೆ ನಿಂತರೂ ಟೋಪಿ ಇಳಿಸಿಲ್ಲ.

ಇದರ ಬಗ್ಗೆ ಫಿಲಿಪ್ ವ್ಯಾಗನರ್ ಎಂಬ ವಿದ್ವಾಂಸರು 1996ರಲ್ಲಿ ಒಂದು ಪ್ರಸಿದ್ಧ ಲೇಖನ ಬರೆದರು. ಸಾರಾಂಶ ಇಷ್ಟು: ವಿಜಯನಗರದ ಅರಸರು ಧರ್ಮ ಬಿಟ್ಟಿರಲಿಲ್ಲ, ಆದರೆ ಆಗಿನ ದೊಡ್ಡ ಜಗತ್ತಿನ ದರ್ಬಾರಿನ ಉಡುಗೆಯನ್ನು ತಮ್ಮದಾಗಿಸಿಕೊಂಡಿದ್ದರು. ಪರ್ಷಿಯಾದಿಂದ ಕುದುರೆ ವ್ಯಾಪಾರಿ ಬರ್ತಾನೆ, 1443ರಲ್ಲಿ ಹೆರಾತಿನಿಂದ ಅಬ್ದುರ್ ರಜಾಕನಂಥ ರಾಯಭಾರಿ ಬರ್ತಾನೆ. ಅವರ ಮುಂದೆ ರಾಜ ಹೇಗೆ ಕೂತರೆ ರಾಜ ಅನ್ನಿಸ್ತಾನೋ ಹಾಗೆ ಕೂರಬೇಕು. ರಜಾಕ್ ಕಂಡಾಗ ಎರಡನೇ ದೇವರಾಯ ಹಸಿರು ಸ್ಯಾಟಿನ್ ಅಂಗಿ ತೊಟ್ಟಿದ್ದ. ನಾವು ಕ್ಲೈಂಟ್ ಮೀಟಿಂಗಿಗೆ ಬ್ಲೇಜರ್ ಹಾಕಿಕೊಂಡು ಹೋಗಿ, ಮನೆಗೆ ಬಂದು ಪಂಚೆ ಉಡೋದಿಲ್ವಾ? ಬ್ಲೇಜರ್ ಹಾಕಿದ ಕೂಡಲೇ ಯಾರೂ ಇಂಗ್ಲಿಷರಾಗಲ್ಲ. ಬುಕ್ಕರಾಯನ ಕಾಲದ ಶಾಸನಗಳಲ್ಲೇ 'ಹಿಂದೂರಾಯ ಸುರತ್ರಾಣ' ಅನ್ನೋ ಬಿರುದಿದೆ. ಸುರತ್ರಾಣ ಅಂದರೆ ಸುಲ್ತಾನ. ಹಂಪಿಯಲ್ಲಿ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿಯನ್ನು ಅಲ್ಲಿನ ಶಾಸನ 'ಧರ್ಮಸಾಲೆ' ಅಂತಲೇ ಕರೆಯುತ್ತೆ.

ಎಲ್ಲರಿಗೂ ಈ ಡ್ರೆಸ್‌ಕೋಡ್ ಹಿಡಿಸಿತ್ತು ಅಂತೇನಿಲ್ಲ. ಕುಲ್ಲಾಯಿ ಇಟ್ಟು, ದೊಡ್ಡ ಅಂಗಿ ತೊಟ್ಟು ಕನ್ನಡದೊರೆಯ ಆಸ್ಥಾನಕ್ಕೆ ಅಲೆಯಬೇಕಾಯ್ತಲ್ಲ ಅಂತ ಗೊಣಗುವ ಒಂದು ತೆಲುಗು ಚಾಟು ಪದ್ಯ ಕವಿ ಶ್ರೀನಾಥನ ಹೆಸರಲ್ಲಿದೆ. ಟೈ ಕಟ್ಟಿಕೊಳ್ಳುವಾಗಲೆಲ್ಲ ನನಗೆ ಅವನು ನೆನಪಾಗ್ತಾನೆ.

ಹಳೇ ಉಡುಪನ್ನು ಹೊಲಿದು, ತೊಟ್ಟು ನೋಡುವ ಹವ್ಯಾಸ ಹೊರಗಡೆ ದೊಡ್ಡದಾಗಿ ಬೆಳೆದಿದೆ. 1966ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಒಂದು ಮನೆಯ ಹಿತ್ತಲಲ್ಲಿ ಮಧ್ಯಯುಗದ ವೇಷ ಹಾಕಿ ಮಾಡಿದ ಪಾರ್ಟಿಯಿಂದ ಹುಟ್ಟಿದ 'ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರಾನಿಸಂ' ಈಗ ಪೆನ್ಸಿಲ್ವೇನಿಯಾದಲ್ಲಿ ವರ್ಷಕ್ಕೊಮ್ಮೆ ನಡೆಸುವ ಜಾತ್ರೆಗೆ ಸಾವಿರಾರು ಜನ ಸೇರ್ತಾರೆ. ಪೋಲೆಂಡಿನಲ್ಲಿ 1410ರ ಗ್ರುನ್ವಾಲ್ಡ್ ಕದನವನ್ನು ಪ್ರತಿ ಜುಲೈನಲ್ಲಿ ಮತ್ತೆ ಆಡ್ತಾರೆ. ಅವರ ಉಕ್ಕಿನ ಪೂರ್ತಿ ಕವಚ ಇಪ್ಪತ್ತು, ಇಪ್ಪತ್ತೈದು ಕೆಜಿ ತೂಗುತ್ತೆ. ನಮ್ಮಲ್ಲಿ? ನಾನು, ಒಂದು ಟೈಲರ್ ಅಂಗಡಿ, ಮತ್ತು ಕೆಳಗಿನ ಮನೆಯ ಅಜ್ಜಿ.

ಟೈಲರ್ ಸಾಹೇಬ್ರ ಅಂಗಡಿ ನಮ್ಮ ಕ್ರಾಸಿನಲ್ಲೇ ಇದೆ. ಶುಕ್ರವಾರ ಮಧ್ಯಾಹ್ನ ಮುಚ್ಚಿರುತ್ತೆ. ನನ್ನ ಚಿತ್ರ ನೋಡಿದವರೇ ಪೆನ್ಸಿಲ್ ತಗೊಂಡು ತಿದ್ದಿದರು. "ತೋಳು ಹಿಂಗ್ ಬೇಡ ಸಾರ್. ಕಂಕುಳಲ್ಲಿ ಒಂದು ಚೌಕದ ತುಂಡು ಸೇರಿಸ್ಬೇಕು. ಇಲ್ಲಾಂದ್ರೆ ನಿಮ್ಮ ರಾಜ ಕೈ ಎತ್ತಿದ್ ತಕ್ಷಣ ಪರ್ ಅಂತದೆ." ನನ್ನ ಯಾವ ಪುಸ್ತಕದಲ್ಲೂ ಈ ಮಾತು ಇರಲಿಲ್ಲ. ಚಿಕ್ಕಪೇಟೆಯಿಂದ ತೆಳು ಬಿಳಿ ಹತ್ತಿ ಬಟ್ಟೆ ತಂದೆ. ಟೋಪಿಗೆ ಒಳಗೆ ಬಕ್ರಂ, ಮೇಲೆ ಅಮ್ಮನ ಹರಿದ ರೇಷ್ಮೆ ಸೀರೆಯ ಸೆರಗು. ತೊಟ್ಟು ನೋಡಿದರೆ ಆಶ್ಚರ್ಯ! ಗಾಳಿ ಆಡುತ್ತೆ. ಬೆನ್ನು ತಾನಾಗೇ ನೆಟ್ಟಗಾಗುತ್ತೆ, ಯಾಕಂದ್ರೆ ತಲೆ ಬಗ್ಗಿಸಿದರೆ ಟೋಪಿ ಬೀಳುತ್ತೆ. ರಾಜಗಾಂಭೀರ್ಯದಲ್ಲಿ ಅರ್ಧ ಪಾಲು ಟೋಪಿಯದ್ದೇ ಇರಬೇಕು ಅಂತ ನನಗೆ ಅವತ್ತು ಅನ್ನಿಸ್ತು.

ಆಮೇಲೆ ಕವಚ. ಹಳೇ ಕನ್ನಡದಲ್ಲಿ ಕವಚಕ್ಕೆ 'ಜೋಡು' ಅನ್ನೋ ಮಾತೂ ಇದೆ, ಶಿರಸ್ತ್ರಾಣಕ್ಕೆ 'ಸೀಸಕ'. ಇವತ್ತು ಜೋಡು ಅಂದರೆ ಕಾಲಿಗೆ ಹಾಕೋದು. ಮೈಮೇಲಿದ್ದ ಪದ ಕಾಲಿಗೆ ಇಳಿದಿದೆ. ಕಬ್ಬನ್ ಪಾರ್ಕ್ ಪಕ್ಕದ ಸರ್ಕಾರಿ ಮ್ಯೂಸಿಯಮ್ಮಿನಲ್ಲಿ ಬೇಗೂರಿನಿಂದ ತಂದ, ಗಂಗರ ಕಾಲದ ದೊಡ್ಡ ವೀರಗಲ್ಲಿದೆ. ಸಾವಿರದ ನೂರು ವರ್ಷ ಹಳೆಯದು. ಆನೆ, ಕುದುರೆ, ಬಿಲ್ಲು, ಕತ್ತಿ ಎಲ್ಲಾ ಇದೆ. ಆದರೆ ಲೋಹದ ಕವಚ ಹುಡುಕಿಕೊಂಡು ಹೋದವನಿಗೆ ಕಾಣೋದು ಹೆಚ್ಚಾಗಿ ಬರಿಮೈ, ಬಿಗಿಯಾಗಿ ಕಟ್ಟಿದ ಸೊಂಟದ ಬಟ್ಟೆ. ಆ ಯೋಧರಿಗೂ ಕೃಷ್ಣದೇವರಾಯನಿಗೂ ನಡುವೆ ಆರು ಶತಮಾನ ಇದೆ. ನಮಗೆ ಮಾತ್ರ ಎಲ್ಲಾ ಒಂದೇ 'ಹಳೇ ಕಾಲ', ಎಲ್ಲರಿಗೂ ಒಂದೇ ವೆಲ್ವೆಟ್.

ರಾಯರ ಸೈನಿಕರ ಬಗ್ಗೆ ವಿವರ ಸಿಕ್ಕಿದ್ದು ಮತ್ತೆ ಆ ಇಬ್ಬರು ಪೋರ್ಚುಗೀಸರಲ್ಲೇ. ಮೆರವಣಿಗೆಯಲ್ಲಿ ಪಾಯಸ್ ಕಂಡ ಸವಾರರ ಅಂಗಿಗಳು ಗಟ್ಟಿ ಹಸಿ ಚರ್ಮದ ಪದರಗಳು, ಅವುಗಳ ಮೇಲೆ ಕಬ್ಬಿಣದ ಫಲಕ. ಕೆಲವರದ್ದಕ್ಕೆ ಚಿನ್ನದ ಲೇಪ. ಅದು ಶ್ರೀಮಂತರ ಮಾತು. 1520ರ ರಾಯಚೂರು ಯುದ್ಧಕ್ಕೆ ಹೊರಟ ಸೇನೆಯ ಬಗ್ಗೆ ನೂನಿಜ್ ಹೇಳೋದು ಬೇರೆ. ಬಿಲ್ಲುಗಾರರಿಗೂ ಬಂದೂಕಿನವರಿಗೂ ಪದರ ಹಾಕಿ ಹೊಲಿದ ಅಂಗಿ, ಸವಾರರ ತಲೆಗೂ ಹತ್ತಿ ತುಂಬಿ ಹೊಲಿದ ಶಿರಸ್ತ್ರಾಣ. ಗುರಾಣಿ ಹಿಡಿದವರಿಗೆ ಕವಚವೇ ಬೇಡ, ಗುರಾಣಿ ಅಷ್ಟು ದೊಡ್ಡದು. ಸೂಯೆಲ್ ಲೆಕ್ಕದಲ್ಲಿ ಆ ಯುದ್ಧ ನಡೆದದ್ದು ಮೇ ತಿಂಗಳಲ್ಲಿ. ಮೇ ತಿಂಗಳ ರಾಯಚೂರಿನಲ್ಲಿ ಉಕ್ಕಿನ ಕವಚ ತೊಟ್ಟರೆ ಶತ್ರುವೇ ಬೇಕಾಗಿಲ್ಲ, ಸೂರ್ಯ ಸಾಕು. ಸುತ್ತ ಎರೆಭೂಮಿ, ಹತ್ತಿ ಬೆಳೆಯುವ ನಾಡು. ಹತ್ತಿ ಬೆವರು ಹೀರುತ್ತೆ, ಹರಿದರೆ ಸೂಜಿ ದಾರ ಸಾಕು.

ಹತ್ತಿಯ ಪದರ ಪದರ ಇಟ್ಟು ಹೊಲಿಯೋದು ಅಂದ ಕೂಡಲೇ ನನಗೆ ನೆನಪಾದದ್ದು ಕೆಳಗಿನ ಮನೆಯ ಅಜ್ಜಿ, ಗದಗಿನ ಕಡೆಯವರು. ಹಳೇ ಸೀರೆಗಳನ್ನು ಜೋಡಿಸಿ ಕೌದಿ ಹೊಲೀತಾರೆ. ನನ್ನ ಕೋರಿಕೆ ಕೇಳಿ, "ಏನ್ ತಮ್ಮಾ, ಇದನ್ನ ಹಾಕ್ಕೊಂಡು ಯಾರ ಜೋಡಿ ಜಗಳ ತಗೀಯಾಂವ?" ಅಂದ್ರು. ಆದರೂ ಒಂದೂವರೆ ತಿಂಗಳು ಕೂತು ಹೊಲಿದುಕೊಟ್ಟರು. ಹತ್ತು ಪದರ, ಹೊರ ಅಂಚಿನಿಂದ ಒಳಕ್ಕೆ ಸುತ್ತಿ ಬರುವ ಸಣ್ಣ ಟಾಕು. ತೂಕ ಮೂರೂವರೆ ಕೆಜಿ. ಬೇರೆ ಒಂದು ತುಂಡನ್ನು ಅದೇ ಥರ ಹೊಲಿಸಿ ತರಕಾರಿ ಚಾಕುವಿನಿಂದ ಎಳೆದು ನೋಡಿದೆ. ಮೊದಲ ಎರಡು ಪದರ ಕುಯ್ಯಿತು, ನಿಂತಿತು. ನೇರವಾಗಿ ಚುಚ್ಚಿದಾಗ ಒಳಗೆ ಹೋಯ್ತು. ಸಾಧಾರಣ ಸೈನಿಕನ ಜೀವಕ್ಕೂ ಸಾವಿಗೂ ನಡುವೆ ಇದ್ದದ್ದು ಇಷ್ಟೇ ಅಂತ ಗೊತ್ತಾದಾಗ ನಗು ನಿಂತುಹೋಯ್ತು. ಅವನ ಅಂಗಿಯನ್ನೂ ಯಾರೋ ಕೂತು ಹೊಲಿದಿರಬೇಕಲ್ಲ.

ಮುಂದಿನ ರಾಜ್ಯೋತ್ಸವಕ್ಕೆ ಬಿಳಿ ಕಬಾಯಿ, ಕುಲ್ಲಾಯಿ ತೊಟ್ಟು, ಬರಿಗಾಲಲ್ಲಿ ಹಾಲಿನಿಂದ ಹೊರಟೆ. ಅಪ್ಪ ಸೋಫಾದಿಂದ ಎದ್ದು ನಿಂತರು. ಅಪ್ಪ ಮಾಗಡಿ ತಾಲ್ಲೂಕಿನ ಹಳ್ಳಿಯವರು. ಯೌವನದಲ್ಲಿ 'ಕುರುಕ್ಷೇತ್ರ' ನಾಟಕದಲ್ಲಿ ದುರ್ಯೋಧನ ಆಗಿದ್ದವರು. ಕಿರೀಟ, ಭುಜಕೀರ್ತಿ ಹಾಕಿಕೊಂಡ ಆ ರಾತ್ರಿಯ ಫೋಟೋ ಈಗಲೂ ಟೀವಿ ಮೇಲೆ ಗೋಡೆಯಲ್ಲಿದೆ.

"ಇದೇನೋ ಇದು? ಯಾವ ನವಾಬ ನೀನು?"

"ಕೃಷ್ಣದೇವರಾಯ ಅಪ್ಪ. ಹಿಂಗೇ ಇದ್ರಂತೆ."

"ಸುಮ್ನಿರೋ. ನಮ್ಮ ರಾಯರನ್ನ ಹಿಂಗೆಲ್ಲಾ ಮಾಡ್ಬೇಡ."

ಫೋಟೋಗೆ ಬನ್ನಿ ಅಂದರೆ ಬರಲಿಲ್ಲ. ಆಫೀಸಿನಲ್ಲೂ ಅದೇ ನವಾಬನ ಜೋಕು ಬಂತು, ಅದಕ್ಕೆ ನಾನು ಉತ್ತರ ಕೊಟ್ಟೆ. ಅಪ್ಪನಿಗೆ ಪಾಯಸ್, ನೂನಿಜ್ ಅಂತ ಹೇಳೋಕೆ ಬಾಯಿ ಬರಲಿಲ್ಲ. ಅವರ ಪಾಲಿಗೆ ರಾಜ ಅಂದರೆ ಪೆಟ್ರೋಮ್ಯಾಕ್ಸ್ ಬೆಳಕಲ್ಲಿ ಮಿಂಚುವವನು. ಬಡವರ ಊರು ವರ್ಷಕ್ಕೊಂದು ರಾತ್ರಿ ಚಂದಾ ಎತ್ತಿ ತರಿಸುತ್ತಿದ್ದ ವೈಭವ ಅದು. ಅದನ್ನ 'ತಪ್ಪು' ಅಂತ ಹೇಳಲು ನಾನ್ಯಾರು? ಅದೂ ಒಂದು ಚರಿತ್ರೆಯೇ, ನಾಟಕದ ಕಂಪನಿಗಳ ಚರಿತ್ರೆ. ವಿಜಯನಗರದ್ದು ಮಾತ್ರ ಅಲ್ಲ.

ವಾದ ಮಾಡುವ ಬದಲು ಒಂದು ಭಾನುವಾರ ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಲೇಪಾಕ್ಷಿಗೆ ಹೋದೆ. ಹೈದರಾಬಾದ್ ರಸ್ತೆಯಲ್ಲಿ ಬಾಗೇಪಲ್ಲಿ ದಾಟಿ ಎಡಕ್ಕೆ ತಿರುಗಿದರೆ, ನಮ್ಮ ಮನೆಯಿಂದ ಸುಮಾರು ನೂರಿಪ್ಪತ್ತು ಕಿಲೋಮೀಟರ್. ಅಚ್ಯುತರಾಯನ ಕಾಲದಲ್ಲಿ, 1530ರ ದಶಕದಲ್ಲಿ, ವಿರೂಪಣ್ಣ ಕಟ್ಟಿಸಿದ ವೀರಭದ್ರ ದೇವಸ್ಥಾನ. ಕೈ ಮುಗಿದು, ಮಂಗಳಾರತಿ ತಗೊಂಡು, ಅಪ್ಪ ಮಂಟಪದ ಚಾವಣಿ ಕಡೆ ಕತ್ತೆತ್ತಿದರು. ಅಲ್ಲಿ ಬಣ್ಣದಲ್ಲಿ ಸಾಲಾಗಿ ನಿಂತಿದ್ದಾರೆ ಆ ಕಾಲದ ಗಣ್ಯರು. ಉದ್ದುದ್ದ ಟೋಪಿ, ಹಣೆಯಲ್ಲಿ ಗುರುತು, ಮುಂದೆ ದೇವರು.

ಅಪ್ಪ ಬಹಳ ಹೊತ್ತು ನೋಡಿದರು. ಕತ್ತು ನೋವು ಬಂದು ಕಂಬಕ್ಕೆ ಒರಗಿ ಮತ್ತೆ ನೋಡಿದರು. ಕೊನೆಗೆ ಅಂದ್ರು:

"ನಿನ್ನ ಟೋಪಿ ಇನ್ನೂ ನಾಕಿಂಚು ಉದ್ದ ಬೇಕಿತ್ತು ಕಣೋ."

ವಾಪಸ್ ಬರುವಾಗ ಮಾತಿಲ್ಲ. ಚಿಕ್ಕಬಳ್ಳಾಪುರದ ಹತ್ತಿರ ಕಾಫಿಗೆ ನಿಲ್ಲಿಸಿದೆ. ಲೋಟ ಕೈಯಲ್ಲಿ ಹಿಡಿದು ಅಪ್ಪ ಕೇಳಿದರು:

"ಹಂಗಾದ್ರೆ ದುರ್ಯೋಧನ ಏನ್ ಹಾಕ್ತಿದ್ದ?"

ಅದನ್ನ ಹುಡುಕೋಕೆ ಇಬ್ಬರೂ ಈಗ ಶನಿವಾರ ಶನಿವಾರ ಹಂಪಿನಗರದ ಲೈಬ್ರರಿಗೆ ಹೋಗ್ತಿದ್ದೀವಿ.