ಹದಿಹರೆಯಕ್ಕೆ ಕನ್ನಡಿ ಹಿಡಿದ ‘ಡಿಗ್ರಾಸಿ’

ಹದಿಹರೆಯದವರ ಸಮಸ್ಯೆಗಳನ್ನು ಉಪದೇಶದ ಹಂಗಿಲ್ಲದೆ ತೆರೆಯ ಮೇಲೆ ತಂದ ಧಾರಾವಾಹಿಗಳಲ್ಲಿ ಕೆನಡಾದ ‘ಡಿಗ್ರಾಸಿ’ ಸರಣಿಗೆ ವಿಶೇಷ ಸ್ಥಾನವಿದೆ. ಟೊರಾಂಟೊ ನಗರದ ಒಂದು ಬೀದಿಯ ಹೆಸರನ್ನು ಹೊತ್ತ ಈ ಸರಣಿ 1979ರಿಂದ 2017ರವರೆಗೆ, ನಡುನಡುವೆ ಬಿಡುವು ಪಡೆಯುತ್ತ, ಹಲವು ಶೀರ್ಷಿಕೆಗಳಲ್ಲಿ ಪ್ರಸಾರವಾಯಿತು.

ಶಾಲಾ ಶಿಕ್ಷಕಿಯಾಗಿದ್ದ ಲಿಂಡಾ ಸ್ಕೈಲರ್ ಹಾಗೂ ಕಿಟ್ ಹುಡ್ ಇದರ ರೂವಾರಿಗಳು. ‘ದಿ ಕಿಡ್ಸ್ ಆಫ್ ಡಿಗ್ರಾಸಿ ಸ್ಟ್ರೀಟ್’ ಮೂಲಕ ಆರಂಭವಾದ ಪಯಣ, 1987ರಲ್ಲಿ ‘ಡಿಗ್ರಾಸಿ ಜೂನಿಯರ್ ಹೈ’, 1989ರಲ್ಲಿ ‘ಡಿಗ್ರಾಸಿ ಹೈ’ ಆಗಿ ಮುಂದುವರಿಯಿತು. 2001ರಲ್ಲಿ ಆರಂಭವಾದ ‘ಡಿಗ್ರಾಸಿ: ದಿ ನೆಕ್ಸ್ಟ್ ಜನರೇಶನ್’ 2015ರವರೆಗೆ ನಡೆಯಿತು. ‘ನೆಕ್ಸ್ಟ್ ಕ್ಲಾಸ್’ ಕೊನೆಯದು. 2022ರಲ್ಲಿ ಪ್ರಕಟವಾದ ಪುನರಾರಂಭದ ಯೋಜನೆಯನ್ನು ಅದೇ ವರ್ಷ ಕೈಬಿಡಲಾಯಿತು.

ಪಾತ್ರಧಾರಿಗಳ ವಯಸ್ಸೇ ಸರಣಿಯ ಮೊದಲ ಹೆಗ್ಗಳಿಕೆ. 1990ರಲ್ಲಿ ಆರಂಭವಾದ ಅಮೆರಿಕದ ‘ಬೆವರ್ಲಿ ಹಿಲ್ಸ್, 90210’ ಧಾರಾವಾಹಿಯಲ್ಲಿ ಶಾಲಾ ಬಾಲಕಿಯಾಗಿ ನಟಿಸಿದ ಗೇಬ್ರಿಯೆಲ್ ಕಾರ್ಟೆರಿಸ್ ಅವರಿಗೆ ಆಗ 29 ವರ್ಷ. ‘ಡಿಗ್ರಾಸಿ’ಯಲ್ಲಾದರೋ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳೇ ವಿದ್ಯಾರ್ಥಿಗಳ ಪಾತ್ರಗಳನ್ನು ನಿರ್ವಹಿಸಿದರು.

ಆದರೆ ಸರಣಿಯ ನಿಜವಾದ ಶಕ್ತಿ ಇರುವುದು ಬೇರೆಡೆ. ಇಲ್ಲಿ ಸಮಸ್ಯೆ ಅರ್ಧ ಗಂಟೆಯಲ್ಲಿ ಬಗೆಹರಿಯುವುದಿಲ್ಲ. ಅದರ ಪರಿಣಾಮ ಪಾತ್ರವನ್ನು ವರ್ಷಗಟ್ಟಲೆ ಹಿಂಬಾಲಿಸುತ್ತದೆ. ಶಾಲಾ ಬಾಲಕಿ ಸ್ಪೈಕ್ ಗರ್ಭಿಣಿಯಾಗುವ ಕಂತು 1987ರಲ್ಲಿ ಅಂತಾರಾಷ್ಟ್ರೀಯ ಎಮ್ಮಿ ಪ್ರಶಸ್ತಿ ಪಡೆಯಿತು. ಆಕೆಯ ಮಗಳು ಎಮ್ಮಾ 2001ರ ಸರಣಿಯಲ್ಲಿ ಅದೇ ಶಾಲೆಯ ವಿದ್ಯಾರ್ಥಿನಿ. ವೀಲ್ಸ್ ಎಂಬ ಹುಡುಗ ಕುಡುಕ ಚಾಲಕನೊಬ್ಬನಿಂದಾಗಿ ತಂದೆತಾಯಿಯನ್ನು ಕಳೆದುಕೊಳ್ಳುತ್ತಾನೆ. 1992ರ ಕಿರುತೆರೆ ಚಿತ್ರ ‘ಸ್ಕೂಲ್ಸ್ ಔಟ್’ನಲ್ಲಿ ಅವನೇ ಕುಡಿದು ಕಾರು ಓಡಿಸಿ, ಮಗುವೊಂದರ ಸಾವಿಗೆ ಕಾರಣನಾಗುತ್ತಾನೆ. ನೊಂದವನು ಪಾಠ ಕಲಿತೇ ಕಲಿಯುತ್ತಾನೆ ಎಂಬ ಸುಲಭದ ನಂಬಿಕೆಗೆ ಇಲ್ಲಿ ಜಾಗವಿಲ್ಲ.

2004ರಲ್ಲಿ ಪ್ರಸಾರವಾದ ಕಂತೊಂದರಲ್ಲಿ, ಸಹಪಾಠಿಗಳ ಕಿರುಕುಳಕ್ಕೆ ಒಳಗಾದ ವಿದ್ಯಾರ್ಥಿಯೊಬ್ಬ ಶಾಲೆಯಲ್ಲೇ ಗುಂಡು ಹಾರಿಸುತ್ತಾನೆ. ಗಾಯಗೊಂಡ ಜಿಮ್ಮಿ ಅಲ್ಲಿಂದ ಮುಂದೆ ಗಾಲಿಕುರ್ಚಿಯಲ್ಲೇ ಶಾಲೆಗೆ ಬರುತ್ತಾನೆ. ಈ ಪಾತ್ರ ವಹಿಸಿದ್ದ ಆಬ್ರಿ ಗ್ರಹಾಂ ಮುಂದೆ ‘ಡ್ರೇಕ್’ ಎಂಬ ಹೆಸರಿನಲ್ಲಿ ರ‍್ಯಾಪ್ ಗಾಯಕರಾಗಿ ವಿಶ್ವಖ್ಯಾತಿ ಪಡೆದರು.

ಈ ನೇರವಂತಿಕೆ ವಾಹಿನಿಗಳಿಗೆ ಎಲ್ಲ ಸಂದರ್ಭಗಳಲ್ಲೂ ರುಚಿಸಲಿಲ್ಲ. ಗರ್ಭಪಾತದ ಕುರಿತ ‘ಡಿಗ್ರಾಸಿ ಹೈ’ ಕಂತಿನ ಕೊನೆಯ ದೃಶ್ಯಕ್ಕೆ ಅಮೆರಿಕದ ಪಿಬಿಎಸ್ ಕತ್ತರಿ ಹಾಕಿತು. ಮ್ಯಾನಿ ಎಂಬ ವಿದ್ಯಾರ್ಥಿನಿ ಗರ್ಭಪಾತ ಮಾಡಿಸಿಕೊಳ್ಳುವ ಕಂತು ಕೆನಡಾದಲ್ಲಿ 2004ರಲ್ಲೇ ಪ್ರಸಾರವಾದರೂ ಅಮೆರಿಕದ ‘ದಿ ಎನ್’ ವಾಹಿನಿ ಅದನ್ನು 2006ರವರೆಗೆ ತಡೆಹಿಡಿಯಿತು. ಲಿಂಗ ಪರಿವರ್ತಿತ ಹುಡುಗ ಆಡಂನ ಕಥೆ ಹೇಳಿದ 2010ರ ಕಂತಿಗೆ ಪೀಬಾಡಿ ಪ್ರಶಸ್ತಿ ಸಂದಿತು.

ಹಿರಿಯರು ಮಾತನಾಡಲು ಹಿಂಜರಿಯುವ ವಿಷಯಗಳು ಮಕ್ಕಳ ಬದುಕಿನಿಂದ ದೂರ ಉಳಿಯುವುದಿಲ್ಲ. ಕಂತನ್ನು ತಡೆಹಿಡಿಯಬಹುದು, ಅದು ಹೇಳುವ ಸಂಕಟವನ್ನಲ್ಲ. ನಾಲ್ಕು ದಶಕಗಳ ಕಾಲ ‘ಡಿಗ್ರಾಸಿ’ಯನ್ನು ಯುವಜನರ ಹತ್ತಿರಕ್ಕೆ ತಂದದ್ದು ಈ ತಿಳಿವಳಿಕೆಯೇ.