ಜೇಬಿನೊಳಗಿನ ಯುದ್ಧ: 1989ರ ಒಂದು ಗಂಡಮ್ ಕಥೆ

ಇವತ್ತು ಒಂದು ಹಳೇ ಅನಿಮೆ ಬಗ್ಗೆ ಮಾತಾಡೋಣ. ಹೆಸರು 'ಮೊಬೈಲ್ ಸೂಟ್ ಗಂಡಮ್ 0080: ವಾರ್ ಇನ್ ದ ಪಾಕೆಟ್'. ಗಂಡಮ್ ಅಂದ ತಕ್ಷಣ ನಗಬೇಡಿ, ಗಂಡ-ಹೆಂಡತಿಯ ಗಂಡನಿಗೂ ಇದಕ್ಕೂ ಸಂಬಂಧ ಇಲ್ಲ. ಅದೊಂದು ದೈತ್ಯ ರೋಬೋಟ್. ಒಟ್ಟು ಆರೇ ಎಪಿಸೋಡ್. ಕೊನೆಗೆ ಏನಾಗುತ್ತೆ ಅಂತಲೂ ಹೇಳ್ತೀನಿ, ಅದನ್ನ ಬಿಟ್ಟು ಈ ಕಥೆ ಬಗ್ಗೆ ಮಾತಾಡೋಕೆ ಆಗಲ್ಲ. ಸ್ಪಾಯ್ಲರ್ ಬೇಡ ಅನ್ನೋರು ಇಲ್ಲೇ ನಿಲ್ಲಿಸಿ, ನೋಡ್ಕೊಂಡು ಬನ್ನಿ.

ಮೊದಲು ದುಡ್ಡಿನ ವಿಷಯ. ಬಿ.ಕಾಂ. ಓದಿದವನು ನಾನು, ಎಲ್ಲಾ ಅಲ್ಲಿಂದಲೇ ಶುರು ಮಾಡೋ ಚಾಳಿ. 1979ರ ಏಪ್ರಿಲ್‌ನಲ್ಲಿ ಯೊಶಿಯುಕಿ ತೊಮಿನೊ ನಿರ್ದೇಶಿಸಿದ ಮೊದಲ ಗಂಡಮ್ ಧಾರಾವಾಹಿ ಜಪಾನಿನ ಟಿವಿಗೆ ಬಂತು. ರೇಟಿಂಗ್ ಸಿಗಲಿಲ್ಲ. ಸ್ಪಾನ್ಸರ್ ಮಾಡಿದ್ದ ಆಟಿಕೆ ಕಂಪನಿಗೂ ಸಮಾಧಾನ ಆಗಲಿಲ್ಲ. 52 ಎಪಿಸೋಡ್ ಅಂದುಕೊಂಡಿದ್ದು 43ಕ್ಕೇ ಮುಗೀತು. ಆಮೇಲೆ 1980ರ ಜುಲೈನಲ್ಲಿ ಬಂದಾಯ್ ಕಂಪನಿ 300 ಯೆನ್‌ಗೆ ಒಂದು ಪ್ಲಾಸ್ಟಿಕ್ ಕಿಟ್ ತಂತು, ತುಂಡುಗಳನ್ನ ಜೋಡಿಸಿ ರೋಬೋಟ್ ಕಟ್ಟೋದು. ಹುಡುಗರು ಅಂಗಡಿಗೆ ಮುಗಿಬಿದ್ರು. ಅಂದ್ರೆ ನೋಡಿ, ಯುದ್ಧ ಎಷ್ಟು ಘೋರ ಅಂತ ಹೇಳೋಕೆ ಹೊರಟ ಕಥೆ ಉಳಿದುಕೊಂಡಿದ್ದು ಆ ಯುದ್ಧದ ಆಯುಧಗಳನ್ನೇ ಆಟಿಕೆ ಮಾಡಿ ಮಾರಿದ್ದರಿಂದ. ಈ ವಿಚಿತ್ರ ಲೆಕ್ಕ ತಲೆಯಲ್ಲಿಟ್ಟುಕೊಳ್ಳಿ.

ಈಗ 1989. ಜನವರಿ 7ಕ್ಕೆ ಚಕ್ರವರ್ತಿ ಹಿರೋಹಿಟೊ ತೀರಿಕೊಂಡರು. ಎರಡನೇ ಮಹಾಯುದ್ಧ ಕಂಡ ಶೋವಾ ಯುಗ ಅಲ್ಲಿಗೆ ಮುಗೀತು. ಎರಡೂವರೆ ತಿಂಗಳ ನಂತರ, ಮಾರ್ಚ್‌ನಲ್ಲಿ, 0080ರ ಮೊದಲ ಭಾಗ ಬಂತು. ಟಿವಿಗಲ್ಲ, ನೇರವಾಗಿ ಮನೆಯಲ್ಲಿ ನೋಡೋ ವಿಡಿಯೋ ಆಗಿ. ಇದಕ್ಕೆ ಓವಿಎ ಅಂತಾರೆ. ವಾರಕ್ಕೊಂದು ಸಲ ಹೀರೋ ರೋಬೋಟ್ ಗೆಲ್ಲಲೇಬೇಕು ಅನ್ನೋ ಕಾಟ ಇಲ್ಲ. ತೊಮಿನೊ ಬಿಟ್ಟು ಬೇರೊಬ್ಬರು ನಿರ್ದೇಶಿಸಿದ ಮೊದಲ ಗಂಡಮ್ ಇದು, ನಿರ್ದೇಶಕ ಫುಮಿಹಿಕೊ ತಕಯಾಮ. ಚಿತ್ರಕಥೆ ಬರೆದ ಹಿರೊಯುಕಿ ಯಮಾಗ ಹುಟ್ಟಿದ್ದು 1962ರಲ್ಲಿ.

ಆ ಇಸವಿ ಮುಖ್ಯ. ಹಿಂದಿನ ವರ್ಷವಷ್ಟೇ 'ಗ್ರೇವ್ ಆಫ್ ದ ಫೈರ್‌ಫ್ಲೈಸ್' ಬಂದಿತ್ತು. ಅದರ ನಿರ್ದೇಶಕ ಇಸಾವೊ ತಕಹಾತ 1945ರಲ್ಲಿ ಒಕಯಾಮ ಮೇಲೆ ಬಾಂಬ್ ಬಿದ್ದಾಗ ಅಲ್ಲಿ ಓಡಿ ಬದುಕಿದ ಹುಡುಗ. ಯಮಾಗ ಪೀಳಿಗೆಯವರು ಯುದ್ಧ ನೋಡಿದವರಲ್ಲ, ಟಿವಿಯಲ್ಲಿ ನೋಡಿದವರು. ಹಾಗಾಗಿ 0080ರ ಹುಡುಗ ಹಸಿವಿನಿಂದ ಸಾಯಲ್ಲ. ಅವನು ಯುದ್ಧದ ಫ್ಯಾನ್.

ಹೆಸರು ಆಲ್, ಹತ್ತು-ಹನ್ನೊಂದು ವರ್ಷ. ಭೂಮಿಯ ಒಕ್ಕೂಟಕ್ಕೂ ಝಿಯಾನ್ ಅನ್ನೋ ಬಾಹ್ಯಾಕಾಶ ರಾಜ್ಯಕ್ಕೂ ಯುದ್ಧ ನಡೀತಿದೆ, ಇವನಿರೋ ಬಾಹ್ಯಾಕಾಶ ಕಾಲೊನಿ ಮಾತ್ರ ತಟಸ್ಥ. ಹಾಗಾಗಿ ಯುದ್ಧ ಅಂದ್ರೆ ಕ್ಲಾಸಿನಲ್ಲಿ ಸೇನೆಯ ಬ್ಯಾಡ್ಜ್ ತೋರಿಸಿ ಜಂಬ ಹೊಡೆಯೋದು, ಅಷ್ಟೇ. ಒಂದು ದಿನ ತಲೆ ಮೇಲೆಯೇ ಕಾದಾಟ ಶುರುವಾದಾಗ ಬೇರೆಯವರು ಹೆದರಿದ್ರೆ, ಇವನು ಕ್ಯಾಮೆರಾ ಹಿಡಿದು ಖುಷಿಯಿಂದ ಓಡ್ತಾನೆ. ಕೆಳಗೆ ಬಿದ್ದ ಝಿಯಾನ್ ರೋಬೋಟ್‌ನ ಪೈಲಟ್ ಬರ್ನಿ, ಇನ್ನೂ ಹೊಸಬ, ಇವನಿಗೆ ಅಣ್ಣನ ಹಾಗೆ ಆಗಿಬಿಡ್ತಾನೆ. ಪಕ್ಕದ ಮನೆಯ ಕ್ರಿಸ್ ಅಕ್ಕನಿಗೂ ಬರ್ನಿಗೂ ಮೆಲ್ಲಗೆ ಮನಸ್ಸು ಕೂಡುತ್ತೆ (ಮೊದಲ ಭೇಟಿಯಲ್ಲಿ ಅವಳು ಕಳ್ಳ ಅಂದ್ಕೊಂಡು ಬೇಸ್‌ಬಾಲ್ ಬ್ಯಾಟ್‌ನಲ್ಲಿ ಅವನ ತಲೆಗೇ ಬಾರಿಸ್ತಾಳೆ). ಅವಳೇ ಆ ಹೊಸ ಗಂಡಮ್‌ನ ಪೈಲಟ್ ಅಂತ ಬರ್ನಿಗೆ ಗೊತ್ತಿಲ್ಲ. ತಾನು ಎದುರಿಸಬೇಕಾದ ಶತ್ರು ಬರ್ನಿ ಅಂತ ಅವಳಿಗೂ ಗೊತ್ತಿಲ್ಲ.

ಬರ್ನಿಯ ತಂಡ ಗಂಡಮ್ ಮೇಲೆ ದಾಳಿ ಮಾಡಿ ಸೋಲುತ್ತೆ, ಅವನೊಬ್ಬ ಉಳೀತಾನೆ. ಕ್ರಿಸ್‌ಮಸ್ ಒಳಗೆ ಗಂಡಮ್ ನಾಶ ಆಗದಿದ್ರೆ ಝಿಯಾನ್ ಇಡೀ ಕಾಲೊನಿ ಮೇಲೆ ಅಣುಬಾಂಬ್ ಹಾಕುತ್ತೆ. ಬರ್ನಿ ಓಡಿಹೋಗೋಕೆ ಹೊರಡ್ತಾನೆ, ಮನಸ್ಸು ತಡೆಯದೆ ವಾಪಸ್ ಬರ್ತಾನೆ. ಅವನೂ ಆಲ್‌ನೂ ಸೇರಿ ಆ ಮುರಿದ ರೋಬೋಟ್ ರಿಪೇರಿ ಮಾಡೋ ದೃಶ್ಯ ಇದೆಯಲ್ಲ, ನಾವು ಹಳೇ ಸೈಕಲ್ ಬಿಚ್ಚಿ ಕೂರ್ತಿದ್ದ ಹಾಗೇ ಇದೆ. ನನಗೆ ಇಡೀ ಸೀರೀಸ್‌ನಲ್ಲಿ ತುಂಬಾ ಇಷ್ಟ ಆಗಿದ್ದೂ ಅದೇ, ಈಗ ನೋಡೋಕೆ ಕಷ್ಟ ಆಗೋದೂ ಅದೇ.

ಕ್ರಿಸ್‌ಮಸ್ ದಿನ ಅಣುಬಾಂಬ್ ತರ್ತಿದ್ದ ಹಡಗುಗಳು ಸಿಕ್ಕಿಬಿದ್ದವು ಅಂತ ಸುದ್ದಿ ಬರುತ್ತೆ. ಇನ್ನು ಕಾದಾಡೋ ಅಗತ್ಯವೇ ಇಲ್ಲ. ಆಲ್ ಕೂಗ್ತಾ ಓಡ್ತಾನೆ, ತಡವಾಗಿರುತ್ತೆ. ಬರ್ನಿ ಸತ್ತ, ಕ್ರಿಸ್ ಗಾಯಗೊಂಡು ಬದುಕಿದಳು. ಸತ್ತವನು ಯಾರು ಅಂತ ಅವಳಿಗೆ ತಿಳಿಯೋದೇ ಇಲ್ಲ. ಊರು ಬಿಡುವಾಗ, ಬರ್ನಿಗೆ ನನ್ನ ಕಡೆಯಿಂದ ಹೋಗಿಬರ್ತೀನಿ ಅಂತ ಹೇಳು ಅಂತಾಳೆ. ಹುಡುಗ ಸತ್ಯ ಹೇಳಲ್ಲ.

2025ರ ಮೇ ತಿಂಗಳು ನೆನಪಿದೆಯಾ? ಭಾರತ-ಪಾಕಿಸ್ತಾನ ಸಂಘರ್ಷದ ಆ ದಿನಗಳಲ್ಲಿ 'ಆರ್ಮಾ 3' ಅನ್ನೋ ವಿಡಿಯೋ ಗೇಮ್‌ನ ಕ್ಲಿಪ್‌ಗಳು ನಿಜವಾದ ದಾಳಿಯ ದೃಶ್ಯ ಅಂತ ಎಲ್ಲಾ ಕಡೆ ಓಡಾಡಿದ್ವು. ಅಂಥದ್ದೊಂದನ್ನ ರಾತ್ರಿ ಹನ್ನೆರಡಕ್ಕೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಬೆಂಕಿ ಇಮೋಜಿ ಹಾಕಿ ಕಳಿಸಿದ್ದು ನಾನೇ. ಬೆಳಿಗ್ಗೆ ಅತ್ತೆ ಫೋನ್ ಮಾಡಿದ್ರು. ಅವರ ಮಗ ಗಡಿ ಕಡೆ ಡ್ಯೂಟಿಯಲ್ಲಿದ್ದ. ಬೈಯಲಿಲ್ಲ. ಅದು ಯಾವ ಊರಪ್ಪಾ ಅಂತ ಕೇಳಿದ್ರು, ಅಷ್ಟೇ. ಅದು ಗೇಮ್ ಅಂತ ಅವರಿಗೆ ಹೇಳೋಕೆ ನನಗೆ ಅರ್ಧ ದಿನ ಬೇಕಾಯ್ತು. ಆಲ್ ಕ್ಯಾಮೆರಾ ಹಿಡಿದು ಓಡೋ ದೃಶ್ಯವನ್ನ ನಾನು ಎರಡನೇ ಸಲ ನೋಡಿದ್ದು ಅದಾದ ಮೇಲೆ.

ಕೊನೆಯ ದೃಶ್ಯ ಹೇಳಿ ಮುಗಿಸ್ತೀನಿ. ಶಾಲೆಯ ಮೈದಾನದಲ್ಲಿ ಮಕ್ಕಳು ಸಾಲಾಗಿ ನಿಂತಿದ್ದಾರೆ, ಹೆಡ್‌ಮಾಸ್ಟರು ಯುದ್ಧದ ಬಗ್ಗೆ ಭಾಷಣ ಮಾಡ್ತಿದ್ದಾರೆ. ಆಲ್ ಬಿಕ್ಕಿ ಬಿಕ್ಕಿ ಅಳ್ತಾನೆ. ಯುದ್ಧ ಮುಗಿದುಹೋಯ್ತಲ್ಲ ಅಂತ ಇವನಿಗೆ ಬೇಜಾರು ಅಂದ್ಕೊಂಡ ಗೆಳೆಯರು ಸಮಾಧಾನ ಮಾಡ್ತಾರೆ: ಅಳಬೇಡ ಕಣೋ, ಇನ್ನೊಂದು ಯುದ್ಧ ಬೇಗ ಬರುತ್ತೆ, ಇದಕ್ಕಿಂತ ದೊಡ್ಡದು, ಇನ್ನೂ ಜೋರಾಗಿರೋದು.

ಹಾಂ, ಆ ಲೆಕ್ಕ ಮರೆತಿಲ್ಲ. ಈ ಸೀರೀಸ್‌ನ ರೋಬೋಟ್‌ಗಳ ಕಿಟ್‌ಗಳನ್ನೂ ಬಂದಾಯ್ ಮಾರಿತು.